ಒದ್ದೆಯಾಗಬಾರದ ಪ್ಯಾಂಟು

"ಬಿಚ್ಚೋ ಬೇಗ, ಬೋಳಿಮಗನೆ! ಫೋಟೋ ಆಯ್ತಲ್ಲ? ಒದ್ದೆ ಆಗ್ತಿರೋದು ಕಣ್ಣಿಗೆ ಕಾಣಲ್ವಾ?"

ಮೇಸ್ತ್ರಿಯ ಸಂಕಟವೆಲ್ಲ ಪ್ಯಾಂಟಿನ ಮೇಲೆ. ಅದರೊಳಗಿದ್ದ ಮನುಷ್ಯ ಬೆಳಗಿನಿಂದ ಮಳೆಯಲ್ಲಿ ನೆಂದು ತೊಪ್ಪೆಯಾಗಿದ್ದ. ಆ ಮಾತು ಯಾರೂ ಎತ್ತಲಿಲ್ಲ. ಸರಪಳಿ ಗರಗಸದ ಮಿಷಿನ್ನು ಹಿಡಿದು ಮರ ಕಡಿಯುವ ಅವನನ್ನು ಉದ್ದ ಕಾಲಿನ ದೆಸೆಯಿಂದ ಎಲ್ಲರೂ ಕೊಕ್ಕರೆ ಎನ್ನುತ್ತಿದ್ದರು. ಅವನ ಅತ್ತಿಗೆ ಅದೇ ತಂಡದಲ್ಲಿ ಕಡಿದ ಕೊಂಬೆಗಳನ್ನು ಎಳೆದು ರಾಶಿ ಹಾಕುವವಳು. ಕೈಯಲ್ಲಿದ್ದ ಕೊಂಬೆ ಬಿಟ್ಟು ಅವಳು ಮೈದುನನ ಕಡೆ ನೋಡಿದಳು.

ಕೇಸರಿ ಬಣ್ಣದ ಪ್ಯಾಂಟು. ತೊಡೆಯ ಮೇಲೆ ದಪ್ಪ ಪದರ, ಅದರೊಳಗೆ ನೂಲು. ಮಿಷಿನ್ನು ಜಾರಿ ತೊಡೆಗೆ ಬಿದ್ದರೆ ಆ ನೂಲು ಸರಪಳಿಯ ಹಲ್ಲಿಗೆ ಸುತ್ತಿಕೊಂಡು ಕಚ್ಚುವ ಮೊದಲೇ ನಿಲ್ಲಿಸಿಬಿಡುತ್ತದೆಯಂತೆ. ತಂಡಕ್ಕೆಲ್ಲ ಇದ್ದದ್ದು ಅದೊಂದೇ. ತಪಾಸಣೆಯ ಸಾಹೇಬರು ಬಂದಾಗ ಬೀರುವಿನಿಂದ ಹೊರಗೆ ಬರುವುದು, ಫೋಟೋ ತೆಗೆಸಿಕೊಂಡು ಒಳಗೆ ಹೋಗುವುದು. ಮಳೆಗಾಲದಲ್ಲಂತೂ ಕೆಸರಾಗುತ್ತದೆಂದು ಬೀಗ ಹಾಕಿಯೇ ಇಡುತ್ತಿದ್ದರು.

"ಮುಂದಿನ ಜನ್ಮ ಅಂತಿದ್ರೆ ದೇವ್ರು ನನ್ನ ಪ್ಯಾಂಟಾಗಿ ಹುಟ್ಟಿಸ್ಲಪ್ಪ," ಎಂದ ಹಗ್ಗ ಹಿಡಿಯುವ ಮುದುಕ. "ಬೆಚ್ಚಗೆ ಬೀರು ಒಳಗೆ ಬಿದ್ದಿರ್ತೀನಿ."

ಯಾರೋ ಕಿಸಕ್ಕೆಂದರು. ಕೊಕ್ಕರೆ ನಗಲಿಲ್ಲ. ಹೆಂಗಸರ ಎದುರಿಗೇ ಸೊಂಟದ ಗುಂಡಿ ಬಿಚ್ಚತೊಡಗಿದ್ದ. ಒಳಗೆ ಹರಿದ ಚಡ್ಡಿ.

ಗಾಳಿಗೆ ಬಿದ್ದ ಮರ ರಸ್ತೆಗೆ ಅಡ್ಡವಾಗಿ ಮಲಗಿತ್ತು. ಅದರ ಒಂದು ಕೊಂಬೆ ದಿಬ್ಬಕ್ಕೆ ಸಿಕ್ಕಿಕೊಂಡು ಬಿಲ್ಲಿನ ಹಾಗೆ ಬಿಗಿದುಕೊಂಡಿತ್ತು. ಅದನ್ನು ಕಡಿಯದೆ ಮರ ಸರಿಯದು, ಕಡಿಯಬೇಕೆಂದರೆ ಕಾಂಡದ ಮೇಲೆ ಹತ್ತಲೇಬೇಕು. ಮರದಿಂದ ಮಾರು ದೂರದಲ್ಲಿ ಧಣಿಯ ಜೀಪು ನಿಂತಿತ್ತು. ಒಳಗೆ ಸ್ಟೀರಿಂಗ್ ಹಿಡಿದ ಧಣಿ, ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದ ತಪಾಸಣೆಯ ಸಾಹೇಬರು. ಊಟದ ಹೊತ್ತಿಗೆ ಸಾಹೇಬರನ್ನು ಬಂಗಲೆಗೆ ಮುಟ್ಟಿಸಬೇಕಿತ್ತು.

ಅತ್ತಿಗೆಗೆ ಹೋದ ಮಳೆಗಾಲ ಕಣ್ಣಿಗೆ ಕಟ್ಟಿತು. ಆಗ ಮಿಷಿನ್ನು ಅವಳ ಗಂಡನ ಕೈಯಲ್ಲಿತ್ತು. ತೊಗಟೆ ಒದ್ದೆಯಿದ್ದಾಗ ಮರದ ಮೇಲೆ ಕಾಲಿಡಬಾರದು, ಮಳೆ ಬಿಡುವವರೆಗೆ ಕಾಯಬೇಕು ಎಂದು ತಮ್ಮನಿಗೆ ಹೇಳಿಕೊಟ್ಟವನೇ ಅವನು. ಆ ದಿನವೂ ಧಣಿಗೆ ಅವಸರವಿತ್ತು. ಕಾಲು ಜಾರಿತು, ಮಿಷಿನ್ನು ಒದೆಯಿತು, ತೊಡೆ ಬಾಯಿ ತೆರೆಯಿತು. ಇದೇ ಜೀಪಿನ ಬಾಗಿಲು ತೆಗೆದು, ಸೀಟಿಗೆ ರಕ್ತ ಹತ್ತುತ್ತದೆ, ಮೊದಲು ಪ್ಲಾಸ್ಟಿಕ್ ಹಾಸಿ ಎಂದಿದ್ದ ಧಣಿ. ಪ್ಲಾಸ್ಟಿಕ್ ಹುಡುಕಲು ಶೆಡ್ಡಿಗೆ ಓಡಿದವನು ಇದೇ ಮೇಸ್ತ್ರಿ. ಅವನು ತಿರುಗಿ ಬರುವಷ್ಟರಲ್ಲಿ ಅವಳ ಮಡಿಲಲ್ಲಿದ್ದ ತಲೆ ಭಾರವಾಗಿತ್ತು. ಪ್ಲಾಸ್ಟಿಕ್ಕನ್ನು ಹೊದಿಸಲು ಬಳಸಿದರು.

ಸ್ವಾಮಿ, ಇನ್ನೊಂದು ತಲೆ ಈ ಮಡಿಲಿಗೆ ಬೇಡ, ಎಂದುಕೊಂಡಳು. ಹತ್ತಿರ ಬಂದು ಮೈದುನನ ಸೊಂಟದ ಗುಂಡಿಯನ್ನು ಮಗುವಿಗೆ ಹಾಕುವ ಹಾಗೆ ತಾನೇ ಹಾಕಿದಳು.

"ಅತ್ತಿಗೆ, ಬಿಡಿ... ಕೆಲ್ಸ ಹೋಗುತ್ತೆ."

"ಹೋಗ್ಲಿ ಮರಿ. ಕಾಲು ಇರ್ಲಿ."

"ಏ ಮುಂಡೆ!" ಮೇಸ್ತ್ರಿ ಕೂಗಿದ. "ಪ್ಯಾಂಟು ನಿಮ್ಮಪ್ಪ ತಂದಿಟ್ಟಿದ್ದಾ?"

"ಮುಂಡೆ ಮಾಡಿದ್ದು ನೀವೇ ಅಲ್ವೇನಪ್ಪಾ. ಮಳೆ ನಿಲ್ಲೋವರ್ಗೂ ಇವನು ಮಿಷಿನ್ ಮುಟ್ಟಲ್ಲ. ನಿಂತ ಮೇಲೂ ಪ್ಯಾಂಟು ಹಾಕ್ಕೊಂಡೇ ಹತ್ತೋದು."

ಜೀಪಿನ ಗಾಜು ನಾಲ್ಕು ಬೆರಳಷ್ಟು ಇಳಿಯಿತು. "ಏನೋ ಅದು ರಗಳೆ?"

"ಇವ್ನು ಹತ್ತಲ್ವಂತೆ ಧಣೀ."

"ಇನ್ನೊಬ್ಬನ್ನ ಹತ್ತಿಸು. ಇಷ್ಟು ಜನ ಮುಖ ನೋಡೋಕೆ ಬಂದಿದ್ದಾರಾ?"

ಮೇಸ್ತ್ರಿ ಒಬ್ಬೊಬ್ಬರ ಮುಖ ನೋಡಿದ. ಮುದುಕ ಹಗ್ಗವನ್ನು ನಿಧಾನವಾಗಿ ಸುತ್ತಿ ನೆಲಕ್ಕಿಟ್ಟು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ. ಉಳಿದವರು ನೆಲ ನೋಡಿದರು. ಮಿಷಿನ್ನು ಕೆಸರಲ್ಲೇ ಇತ್ತು.

"ಯಾರೂ ಇಲ್ವಾ? ಹಂಗಾದ್ರೆ ನೀನೇ ಹತ್ತೋ," ಎಂದ ಧಣಿ.

ಮೇಸ್ತ್ರಿ ಹಲ್ಲು ಕಿರಿದ, ತಮಾಷೆಯೇನೋ ಎಂಬಂತೆ. ಧಣಿ ನಗಲಿಲ್ಲ. ಆಗ ಮೇಸ್ತ್ರಿ ಮಿಷಿನ್ನನ್ನೂ ಮರವನ್ನೂ ನೋಡಿ, ಕೊಕ್ಕರೆಯ ಕಡೆ ಕೈ ಚಾಚಿದ. ಈಗ ಅವನ ದನಿಯಲ್ಲಿ ಬೈಗುಳವಿರಲಿಲ್ಲ. "ಆ ಪ್ಯಾಂಟು ಕೊಡೋ ಸ್ವಲ್ಪ..."

"ಲೇ!" ಗಾಜಿನ ಸಂದಿಯಿಂದ ದನಿ ಬಂತು. "ಒಂದು ಕೊಂಬೆಗೆ ಪ್ಯಾಂಟು ಬೇರೆ ಕೇಡು ನಿನಗೆ! ಸಾಹೇಬ್ರಿಗೆ ಲೇಟಾಗ್ತಿದೆ. ಹತ್ತು!"

ಮೇಸ್ತ್ರಿ ಹತ್ತಿದ. ಪಂಚೆ ಮೇಲೆ ಕಟ್ಟಿ, ಹವಾಯಿ ಚಪ್ಪಲಿಯಲ್ಲೇ. ನೀರು ಕುಡಿದ ತೊಗಟೆ ಲೋಳೆಯಾಗಿತ್ತು. ಒಂದು ಕೈಯಲ್ಲಿ ಮಿಷಿನ್ನು ತೂಗಿಸಿ ಇನ್ನೊಂದರಿಂದ ಅದನ್ನು ಚಾಲೂ ಮಾಡುವ ಹಗ್ಗ ಎಳೆದ. ಅದು ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದ. ಚಪ್ಪಲಿ ಜಾರಿತು, ಒಂದು ರೆಂಬೆ ತಬ್ಬಿಕೊಂಡು ಹೇಗೋ ನಿಂತ. ಬರಿಯ ಕಾಲುಗಳನ್ನು ರೆಂಬೆಗೆ ಒತ್ತಿಕೊಂಡ.

ಬೀಳಲಿ ಎಂದು ಅತ್ತಿಗೆಯ ಮನಸ್ಸು ಒಂದು ಗಳಿಗೆ ಆಸೆಪಟ್ಟಿತು. ಬೀಳಲಿ, ಇವನ ಹೆಂಡತಿಯೂ ಪ್ಲಾಸ್ಟಿಕ್ ಕಾಯಲಿ. ಮರುಗಳಿಗೆಯೇ ಅವಳು ಕೆನ್ನೆ ಬಡಿದುಕೊಂಡಳು. ಛೆ, ನನ್ನಪ್ಪಾ, ಇದೇನು ಬೇಡಿಕೊಂಡೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋದವಳು ಜೀಪಿಗೆ ಮುಖ ಮಾಡಿ, ಅವನು ನಿಂತಿದ್ದ ಕಾಂಡದ ಮೇಲೆಯೇ ಕೂತಳು.

"ಇಳಿಯೋ," ಎಂದಳು ತಿರುಗದೆ. "ಮನೇಲಿ ಕಾಯೋರಿದ್ದಾರೆ ನಿಂಗೆ."

"ಏಳಮ್ಮಾ... ಧಣಿ ನೋಡ್ತಾ ಇದ್ದಾರೆ..."

"ನೋಡ್ಲಿ."

ಕೊಕ್ಕರೆ ಬಂದು ಅವಳ ಬಲಕ್ಕೆ ಕೂತ. ಮುದುಕ ಸೊಂಟ ಹಿಡಿದುಕೊಂಡು, "ಸರ್ಕೊಳವ್ವ, ನಂಗೂ ಜಾಗ ಕೊಡು," ಎಂದು ಎಡಕ್ಕೆ ಕೂತ. ಉಳಿದವರು ಕೂರಲೂ ಇಲ್ಲ, ಹೋಗಲೂ ಇಲ್ಲ. ಮೇಸ್ತ್ರಿ ಮಿಷಿನ್ನನ್ನು ಎದೆಗವಚಿಕೊಂಡು ಅವರ ಬೆನ್ನ ಹಿಂದೆ ಕಾಂಡದ ಮೇಲೆ ನಿಂತೇ ಇದ್ದ. ಇಳಿಯಲು ಅಪ್ಪಣೆಯಿಲ್ಲ, ಹಗ್ಗ ಎಳೆಯಲು ಕೈ ಬಾರದು.

ಜೀಪಿನ ಹಾರ್ನ್ ಕೂಗಿತು. ಎರಡನೆಯ ಸಲ ಕೂಗಿದ್ದು ನಿಲ್ಲಲೇ ಇಲ್ಲ. ಆಮೇಲೆ ದೀಪ ಹತ್ತಿತು, ಜೀಪು ನಿಧಾನವಾಗಿ ಮುಂದಕ್ಕೆ ಉರುಳತೊಡಗಿತು. ಸಾಹೇಬರು ಮೊಬೈಲಿನಿಂದ ತಲೆ ಎತ್ತಿದರು. ಗಾಲಿಯ ಕೆಳಗಿನ ಕೆಸರು ನೀರು ಅತ್ತಿಗೆಯ ಪಾದಕ್ಕೆ ಬಂದು ಮುಟ್ಟಿತು, ಅದರ ಹಿಂದೆಯೇ ಜೀಪಿನ ಮೂತಿಯ ಕಬ್ಬಿಣ ಅವಳ ಮೊಣಕಾಲಿಗೆ ತಾಗಿತು, ತಣ್ಣಗೆ.

ಅವಳು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಜೀಪಿನ ಇಂಜಿನ್ನೂ ನಿಲ್ಲಲಿಲ್ಲ.