ದೀಪ ಹಚ್ಚುವ ಹೊತ್ತಿನ ಬಾಗಿಲು

ಪುಠಾಣಿ ಇನ್ನೆಂದೂ ಆಸ್ಟ್ರೇಲಿಯಾಕ್ಕೆ ಮರಳುವುದಿಲ್ಲ ಎಂಬ ಸುದ್ದಿಯನ್ನು ಅತ್ತೆಗೆ ಫೋನಿನಲ್ಲಿ ಹೇಳಬಾರದೆಂದು ನಿರ್ಧರಿಸಿ, ಪಲ್ಲವಿ ಶನಿವಾರ ಬೆಳಗಿನ ವಿಮಾನದಲ್ಲಿ ಮೆಲ್ಬರ್ನ್‌ನಿಂದ ಸಿಡ್ನಿಗೆ ಹೊರಟಳು. ಅವಳು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ದಿನವೂ ಯಾರ್ಯಾರದೋ ರಕ್ತದ ವರದಿಗೆ ಸಹಿ ಹಾಕುತ್ತಿದ್ದಳು. ಆ ವರದಿಯನ್ನು ಕೈಯಲ್ಲಿ ಹಿಡಿದು ಎದುರಿಗೆ ಕುಳಿತವರ ಮುಖ ನೋಡುವ ಪ್ರಸಂಗ ಮಾತ್ರ ಅವಳಿಗೆ ಎಂದೂ ಬಂದಿರಲಿಲ್ಲ.

ಪುಠಾಣಿ ಅವಳ ಮತ್ತು ಅವಳ ಗಂಡ ಗೌರೀಶನ ನಾಯಿ. ಪುಠಾಣಿಯ, ಅಂದರೆ ಹುರಿಗಡಲೆಯ, ಬಣ್ಣದ್ದೆಂದು ಆ ಹೆಸರಿಟ್ಟವಳು ಅತ್ತೆ ಶಿವಲಿಂಗವ್ವ. ಧಾರವಾಡದಿಂದ ಮೊದಲ ಸಲ ಬಂದಾಗ ಆಕೆ ಮೆಲ್ಬರ್ನ್ ಅಂಚಿನ ಪಾಯಿಂಟ್ ಕುಕ್‌ನ ಇವರ ಮನೆಯಲ್ಲಿಯೇ ಇದ್ದಳು. ಗಂಡ ಹೆಂಡತಿ ಇಬ್ಬರೂ ಬೆಳಗಾಗುತ್ತಲೇ ಫ್ರೀವೇ ಹಿಡಿದು ಹೋದರೆ, ಸಂಜೆಯವರೆಗೆ ಆ ಮನೆಯಲ್ಲಿ ಉಸಿರಾಡುತ್ತಿದ್ದವು ಎರಡೇ ಜೀವ: ಅಂಗೈಯಗಲದ ಮರಿ ಮತ್ತು ಭಾಷೆ ಬಾರದ ಊರಿನ ಮುದುಕಿ. ಮೊಸರಿನಲ್ಲಿ ನೆನೆಸಿದ ರೊಟ್ಟಿಯ ಚೂರು ತಿನ್ನಿಸಿ, ಬೈದು, ಮುದ್ದಿಸಿ ಅದನ್ನು ಬೆಳೆಸಿದವಳು ಆಕೆಯೇ. ಹೀಗಾಗಿ ನಾಯಿಗೆ ಧಾರವಾಡದ ಕನ್ನಡವಷ್ಟೇ ತಿಳಿಯುತ್ತಿತ್ತು. ಪಾರ್ಕಿನಲ್ಲಿ ಯಾರಾದರೂ ‘ಸಿಟ್’ ಅಂದರೆ ಅವರ ಬಾಯನ್ನೇ ನೋಡುತ್ತ ನಿಲ್ಲುವುದು, ‘ಕೂಡs’ ಅಂದರೆ ಥಟ್ಟನೆ ಕೂಡುವುದು. ಮುಂದೆ ಹಿರಿಯ ಮಗ ವಿರುಪಾಕ್ಷನಿಗೆ ಎರಡನೆಯ ಮಗುವಾದಾಗ ಶಿವಲಿಂಗವ್ವ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ಗೆ ಹೋದಳು. ಆಮೇಲೂ ಗೌರೀಶ, ಪಲ್ಲವಿ ಎಲ್ಲಿಗೇ ಪ್ರವಾಸ ಹೋಗಲಿ, ಪುಠಾಣಿಯನ್ನು ಕಾರಿನಲ್ಲಿ ಒಯ್ದು ಆಕೆಯ ಬಳಿ ಬಿಟ್ಟು ಹೋಗುವುದು ರೂಢಿಯಾಗಿತ್ತು.

ಆ ರೂಢಿ ಮುರಿದದ್ದು ಸ್ಪೇನಿಗೆ ಹೊರಟಾಗ. ಕ್ಯಾರವಾನ್ ಎಳೆದುಕೊಂಡು, ಹಿಂದಿನ ಸೀಟಿನಲ್ಲಿ ನಾಯಿಯನ್ನು ಕೂರಿಸಿಕೊಂಡು ಸ್ಪೇನಿನ ಕರಾವಳಿಯುದ್ದಕ್ಕೂ ತಿರುಗಬೇಕೆಂಬುದು ಗೌರೀಶನ ಬಹುಕಾಲದ ಆಸೆ. ನಾಯಿಯಿಲ್ಲದೆ ಹೋದರೆ ಅದು ಬರಿಯ ರಜೆ ಎನ್ನುತ್ತಿದ್ದ. ನಾಯಿಯ ಚುಚ್ಚುಮದ್ದು, ಮೈಕ್ರೋಚಿಪ್, ಪ್ರಮಾಣಪತ್ರಗಳನ್ನೆಲ್ಲ ಪಲ್ಲವಿ ಒಂದೂ ಬಿಡದೆ ಹೊಂದಿಸಿದಳು. ಶಿವಲಿಂಗವ್ವ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

“ನಾಯಿನ ನನ್ನ ಕಡೆ ಬಿಟ್ಟ ಹೋಗ್ರಿ. ಅದಕ್ಕೇನ ಸ್ಪೇನ್ ತಿಳೀತದ?”

“ನಿನಗರ ತಿಳೀತದೇನವಾ?” ಎಂದು ಗೌರೀಶ ನಕ್ಕಿದ್ದ.

ವೇಲೆನ್ಸಿಯಾದಲ್ಲಿ ಬಾಡಿಗೆಗೆ ಹಿಡಿದ ಕ್ಯಾರವಾನ್ ಹಳೆಯದು, ಆದರೆ ಗಟ್ಟಿಯಾಗಿತ್ತು. ಅದನ್ನು ಹಿಮ್ಮುಖವಾಗಿ ಜಾಗಕ್ಕೆ ಸೇರಿಸುವುದರಲ್ಲಿ ಮೊದಲ ವಾರ ಗಂಡ ಹೆಂಡತಿ ಆಡಿದ ಜಗಳವನ್ನು ನೋಡಲು ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ಕೂಡುತ್ತಿದ್ದರು. ಪುಠಾಣಿಯಂತೂ ಎರಡು ಸೀಟುಗಳ ನಡುವೆ ಮೂತಿ ತೂರಿಸಿ, ದಾರಿಯ ಕಿತ್ತಳೆ ತೋಟಗಳನ್ನೂ ಬೋಳು ಗುಡ್ಡಗಳನ್ನೂ ತನಗೇ ಬರೆದುಕೊಟ್ಟ ಆಸ್ತಿಯೆಂಬಂತೆ ನೋಡುತ್ತಿತ್ತು. ಅಲ್ಮೇರಿಯಾ ಸಮೀಪದ ಒಂದು ಸಣ್ಣ ಕ್ಯಾಂಪಿಂಗ್ ಜಾಗ ಅವರಿಗೆ ಎಷ್ಟು ಹಿಡಿಸಿತೆಂದರೆ, ಎರಡು ದಿನಕ್ಕೆಂದು ಇಳಿದವರು ಒಂದು ತಿಂಗಳಾದರೂ ಕದಲಲಿಲ್ಲ. ಅದರ ಒಡತಿ ರೆಮೆದಿಯೋಸ್ ಎಂಬ ವಿಧವೆ ಪ್ರತಿದಿನ ಬಂದು ನಾಯಿಯ ಕಿವಿ ತುರಿಸಿ ಹೋಗುತ್ತಿದ್ದಳು.

ಅಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಸಿಡ್ನಿಯಲ್ಲಿ ಬೆಳಗಿನ ಜಾವ. ಶಿವಲಿಂಗವ್ವ ಮಿಂದು, ವಿಭೂತಿ ಧರಿಸಿ, ಲಿಂಗಪೂಜೆಗೆ ಕೂಡುವ ಮೊದಲು ವಿಡಿಯೋ ಕರೆ ಮಾಡುತ್ತಿದ್ದಳು. ಕ್ಯಾರವಾನಿನಲ್ಲಿ ಸಂಜೆಯ ದೀಪ, ಸಿಡ್ನಿಯಲ್ಲಿ ಮುಂಜಾವಿನ ದೀಪ. ಎರಡೂ ಒಂದೇ ಗಳಿಗೆಯಲ್ಲಿ ಹತ್ತುವುದನ್ನು ಕಂಡು ಆಕೆಗೆ ಹಿಡಿಸಲಾರದ ಹಿಗ್ಗು. ಮೊದಲ ದಿನ ಕ್ಯಾರವಾನನ್ನು ಕಂಡು, “ಮನಿಗೆ ಗಾಲಿ ಇರತಾವೇನವಾ? ಬಂಡ್ಯಾಗ ಸಂಸಾರ ಹೂಡೀರಿ” ಎಂದು ಹಾಸ್ಯ ಮಾಡಿದಳು. ಮರುಕ್ಷಣವೇ ಆಕೆಯ ಕಣ್ಣು ಮುಚ್ಚಿದ ಬಾಗಿಲಿನ ಮೇಲೆ ಬಿತ್ತು.

“ದೀಪಾ ಹಚ್ಚೂ ಹೊತ್ತಿನಾಗ ಬಾಗಲಾ ಹಾಕತಾರೇನ? ಲಕ್ಷ್ಮಿ ಬರೂ ಹೊತ್ತದು. ತಗೀರಿ ಮೊದಲ.”

ಪಲ್ಲವಿ ತೆರೆದಳು. ಅಂದಿನಿಂದ ದಿನವೂ ತೆರೆದಳು. ಆ ಸೀಮೆಯಲ್ಲಿ ಮರಳುನೊಣ ಕಚ್ಚಿದರೆ ನಾಯಿಗಳಿಗೆ ಒಂದು ಕೆಟ್ಟ ರೋಗ ತಗಲುತ್ತದೆ, ಆದ್ದರಿಂದ ಮುಸ್ಸಂಜೆಯ ಬಳಿಕ ನಾಯಿಯನ್ನು ಒಳಗಿಡಬೇಕು ಎಂಬುದನ್ನು ಅವಳು ಹೊರಡುವ ಮೊದಲೇ ಓದಿಕೊಂಡಿದ್ದಳು. ನೊಣ ಓಡಿಸುವ ಔಷಧದ ಪಟ್ಟಿ ನಾಯಿಯ ಕೊರಳಲ್ಲಿತ್ತು. ಸಂಜೆಯ ಮೇಲೆ ಒಂದು ದಿನವೂ ಅದನ್ನು ಹೊರಗೆ ಬಿಟ್ಟವಳಲ್ಲ. ಬಾಗಿಲಿಗೆ ಸೊಳ್ಳೆಪರದೆಯೂ ಇತ್ತು. ನಿಯಮವನ್ನು ಅಕ್ಷರಶಃ ಪಾಲಿಸುತ್ತಿರುವೆನೆಂಬ ನೆಮ್ಮದಿಯಲ್ಲಿ ಅವಳಿಗೆ ಹೊಳೆಯದೇ ಹೋದದ್ದು ಇಷ್ಟೇ: ಮರಳುನೊಣ ಸೊಳ್ಳೆಗಿಂತ ಸಣ್ಣದು, ಪರದೆಯ ಕಣ್ಣಿನಲ್ಲಿ ನುಸುಳುವಂಥದು, ದೀಪ ಹಚ್ಚುವ ಹೊತ್ತೇ ಅದು ಏಳುವ ಹೊತ್ತು. ಮತ್ತು ಶಿವಲಿಂಗವ್ವನ ದನಿ ಫೋನಿನಲ್ಲಿ ಕೇಳಿದೊಡನೆ ಪುಠಾಣಿ ಓಡಿಬಂದು, ಆ ದನಿ ಹೊರಗಿನಿಂದಲೇ ಬರುತ್ತಿರಬೇಕೆಂದು, ತೆರೆದ ಬಾಗಿಲಿನ ಪರದೆಗೆ ಮೂಗು ಒತ್ತಿ ಕೂಡುತ್ತಿತ್ತು. ಮಾತು ಮುಗಿಯುವವರೆಗೂ ಅಲ್ಲಿಂದ ಏಳುತ್ತಿರಲಿಲ್ಲ.

ಮರಳುವ ಮೊದಲು ಮಾಡಿಸಲೇಬೇಕಾದ ರಕ್ತಪರೀಕ್ಷೆಯಲ್ಲಿ ರೋಗದ ಸುಳಿವು ಸಿಕ್ಕಿತು. ಮಾತ್ರೆ ಕೊಡುತ್ತಿದ್ದರೆ ನಾಯಿ ವರ್ಷಗಟ್ಟಲೆ ಬದುಕಬಹುದು. ಆದರೆ ಈ ಸೋಂಕು ತಗಲಿದ ನಾಯಿಗೆ ಆಸ್ಟ್ರೇಲಿಯಾದಲ್ಲಿ ಪ್ರವೇಶವಿಲ್ಲ. ಅಲ್ಲಿನ ಪಶುವೈದ್ಯೆ, ನಾಯಿ ಸಂಜೆಯ ಹೊತ್ತು ಎಲ್ಲಿರುತ್ತಿತ್ತೆಂದು ಕೇಳಿದಳು. ಪಲ್ಲವಿ ಬಾಗಿಲು, ದೀಪ ಎಲ್ಲವನ್ನೂ ಹೇಳಿದಳು. ವೈದ್ಯೆ ನಾಯಿಯ ತಲೆ ಸವರಿದಳು. ಪಲ್ಲವಿಯ ರಜೆ ಮುಗಿದು ಅವಳು ಮೊದಲು ಹಿಂದಿರುಗಬೇಕಾಯಿತು. ಮತ್ತೊಮ್ಮೆ ಪರೀಕ್ಷೆ ಮಾಡಿಸಿ ನೋಡುವೆನೆಂದು ಗೌರೀಶ ಉಳಿದುಕೊಂಡ. ಅದರ ಫಲಿತಾಂಶವೂ ಅದೇ. ಅವನು ಅಲ್ಲಿರಬಹುದಾದ ಅವಧಿಯೂ ತೀರುತ್ತ ಬಂದಿತ್ತು. ಪುಠಾಣಿಯನ್ನು ತಾನಿಟ್ಟುಕೊಳ್ಳುವೆನೆಂದು ರೆಮೆದಿಯೋಸ್ ತಾನಾಗಿಯೇ ಮುಂದೆ ಬಂದಳು.

“ಅವ್ವಗ ಹೇಳಿಬಿಡು, ಬಾಗಲಾ ತಗಸಿದಾಕಿ ನೀನ ಅಂತ,” ಎಂದು ಗೌರೀಶ ಫೋನಿನಲ್ಲಿ ಹೇಳಿದ್ದ. ಅವನ ದನಿ ಒಡೆದಿತ್ತು. “ದಿನಾ ದಿನಾ ತಗಸಿದಳು. ಗೊತ್ತಾಗಲಿ ಆಕಿಗೆ.”

ಯಾವ ನೊಣ ಯಾವ ದಿನ ಕಚ್ಚಿತೆಂಬುದನ್ನು ಯಾರೂ ಸಾಬೀತು ಮಾಡಲಾರರು ಎಂದು ಪಲ್ಲವಿ ವಾದಿಸಿದ್ದಳು. ಸಾಬೀತು ನನಗೆ ಬೇಡ ಎಂದು ಅವನು ಫೋನಿಟ್ಟಿದ್ದ. ವಿಮಾನ ಸಿಡ್ನಿಯಲ್ಲಿ ಇಳಿಯುವವರೆಗೆ ಅವಳು ಯೋಚಿಸಿದ್ದು ಅದೊಂದನ್ನೇ. ನಾಯಿ ಬರುವುದಿಲ್ಲವೆಂಬ ಸಂಕಟವನ್ನು ಆ ಹಿರಿಯ ಜೀವ ಹೇಗೋ ಸಹಿಸೀತು; ತನ್ನ ಮಾತಿನಿಂದಲೇ ಹೀಗಾಯಿತೆಂದು ತಿಳಿದರೆ ಆಕೆ ಮತ್ತೆ ದೀಪದ ಮುಂದೆ ಕೂಡಲಾರಳು. ಆ ಒಂದು ಮಾತು ತನ್ನ ಬಾಯಿಂದ ಬರಕೂಡದು.

ಮಾರ್ಸ್ಡನ್ ಪಾರ್ಕ್‌ನ ಮನೆಯಲ್ಲಿ ವಿರುಪಾಕ್ಷ ಮಕ್ಕಳನ್ನು ಈಜು ಕ್ಲಾಸಿಗೆ ಕರೆದೊಯ್ದಿದ್ದ. ಓರಗಿತ್ತಿ ನಿಖಿತಾ ಚಹಾ ತಂದಿಟ್ಟಳು. ಪಲ್ಲವಿ ಬಟ್ಟಲನ್ನು ಮುಟ್ಟದೆ, ಬಳಸುಮಾತಿಲ್ಲದೆ, ರೋಗದ ವಿಷಯವನ್ನೂ ದೇಶದ ನಿಯಮವನ್ನೂ ಅತ್ತೆಗೆ ತಿಳಿಯುವಂತೆ ಬಿಡಿಸಿ ಹೇಳಿದಳು. ಸತ್ತಿಲ್ಲ, ಆರಾಮಾಗಿದೆ, ಕ್ಯಾಂಪಿನ ಒಡತಿ ನೋಡಿಕೊಳ್ಳುತ್ತಾಳೆ, ಆದರೆ ಬರುವುದಿಲ್ಲ ಎಂದಳು.

ಶಿವಲಿಂಗವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಕೇಳಿದ್ದು ರೋಗದ ಬಗ್ಗೆ ಅಲ್ಲ.

“ಆ ಹೆಣ್ಮಗಳಿಗೆ ಕನ್ನಡ ಬರತದೇನ?”

“ಇಲ್ಲ ಅತ್ತಿ.”

“ಮತ್ತ ಅದನ್ನ ಹೆಂಗ ಮಾತಾಡಸತಾಳ? ಉಣ್ಣು ಅನ್ನೂದ ಹೆಂಗ ತಿಳೀಬೇಕ ಅದಕ್ಕ?”

ಗೌರೀಶ ಅವಳಿಗೆ ಕೆಲವು ಮಾತು ಕಲಿಸುತ್ತಿದ್ದಾನೆಂದು ಪಲ್ಲವಿ ಹೇಳಿದಳು. ಅದು ನಿಜವೇ. ‘ಬಾರs’, ‘ಕೂಡs’, ‘ಸಾಕs’ ಎಂದು ರೆಮೆದಿಯೋಸ್ ತನ್ನ ನಾಲಗೆಯಲ್ಲಿ ಹೊರಳಿಸಿ ಹೇಳುವ ಒಂದು ವಿಡಿಯೋವನ್ನು ಅವನು ಕಳಿಸಿದ್ದ. ಅದರಲ್ಲಿ ಪುಠಾಣಿ ಅವಳ ಬಾಯನ್ನೇ ನೋಡುತ್ತ ನಿಂತಿತ್ತು. ಪಲ್ಲವಿ ಆ ವಿಡಿಯೋವನ್ನು ತೋರಿಸಲಿಲ್ಲ.

ಅಷ್ಟು ಹೊತ್ತಿಗೆ ಮುದುಕಿಯ ಅಳು ಸಿಟ್ಟಿಗೆ ತಿರುಗಿತ್ತು. ನನ್ನ ಕಡೆ ಬಿಡ್ರಿ ಅಂತ ಬಡಕೊಂಡೆ, ಕೇಳಿದಿರಾ ಎಂದಳು. ನನ್ನ ಮಗ ಮೊದಲಿನಿಂದಲೂ ಹುಚ್ಚ, ತಿಳಿಹೇಳಬೇಕಾದವಳು ಹೆಂಡತಿ ಎಂದಳು. ನಿಖಿತಾ ನಡುವೆ ಬಾಯಿ ಹಾಕಿ ಸಮಾಧಾನ ಹೇಳಹೋದರೆ ಅವಳನ್ನೂ ಗದರಿದಳು.

“ರೋಗಾ ರುಜಿನಾ ಎಲ್ಲಾ ಓದಿದಾಕಿ ನೀನು. ಹುಳಾ ಕಡೀತದ ಅಂತ ಗೊತ್ತಿದ್ದೂ ಒಯ್ದೀಯಲ್ಲ? ಎಷ್ಟ ಓದಿದರೇನ ಬಂತವಾ, ಒಂದ ಮೂಕ ಜೀವಾ ಕಾಯಲಿಕ್ಕಾಗಲಿಲ್ಲ ನಿನಗ.”

ಪಲ್ಲವಿ ತಲೆ ತಗ್ಗಿಸಿ ಕುಳಿತಿದ್ದಳು. ಈ ಎಲ್ಲ ಮಾತುಗಳನ್ನೂ ಒಮ್ಮೆಲೇ ನಿಲ್ಲಿಸಿಬಿಡಬಲ್ಲ ಒಂದು ವಾಕ್ಯ ಅವಳ ಗಂಟಲಲ್ಲಿತ್ತು. ಅದು ಸಣ್ಣದು, ಸರಳವಾದದ್ದು, ಬಹುಮಟ್ಟಿಗೆ ನಿಜವೂ ಆದದ್ದು.

ಆಗ ಶಿವಲಿಂಗವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ದನಿ ತಗ್ಗಿಸಿ ಕೇಳಿದಳು. “ಅದು ಯಾವ ಹೊತ್ತಿನಾಗ ಕಡೀತದವಾ, ಆ ನೊಣಾ?”

ಆ ಪ್ರಶ್ನೆ ಬಂದೇ ಬರುವುದೆಂದು ಪಲ್ಲವಿ ಬಲ್ಲಳು. ವರದಿಯಲ್ಲಿ ಒಂದು ಅಂಕೆ ಅನುಮಾನವೆನಿಸಿದರೂ ಇಡೀ ಪರೀಕ್ಷೆಯನ್ನು ಮೊದಲಿನಿಂದ ಮಾಡುವವಳು, ಅತ್ತೆಯ ಕಣ್ಣಿಗೆ ಕಣ್ಣಿಟ್ಟು, ಸ್ವಲ್ಪವೂ ತೊದಲದೆ ಉತ್ತರಿಸಿದಳು.

“ನಡುಹಗಲಿನಾಗ ಅತ್ತಿ. ಬಿಸಲಿನಾಗ. ನಾವು ಸಮುದ್ರದ ದಂಡಿಗೆ ಕರಕೊಂಡ ಹೋಗತಿದ್ದಿವಿ, ಆವಾಗ.”

“ನೀನ ಕರಕೊಂಡ ಹೋಗತಿದ್ದ್ಯಾ?”

“ಹೂಂ. ನಾನs.”

ಮುದುಕಿ ಅವಳನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ಮೊದಲು ಏನೋ ಒಂದು ಬಿಗುವು ಸಡಿಲಿದಂತಾಯಿತು. ಅದರ ಹಿಂದೆಯೇ, ಅಷ್ಟು ವರ್ಷ ಪಲ್ಲವಿಯ ಪಾಲಿಗಿದ್ದ ಮತ್ತೇನೋ ಮುಚ್ಚಿಕೊಂಡಿತು. ಎದ್ದು ತನ್ನ ಕೋಣೆಗೆ ಹೋದವಳು ಹೊರಗೆ ಬರಲಿಲ್ಲ. ಸೊಸೆಯಂದಿರಿಗೆ ಕುಂಕುಮ ಹಚ್ಚದೆ ಮನೆಯ ಹೊಸ್ತಿಲು ದಾಟಗೊಡದ ಶಿವಲಿಂಗವ್ವ, ಟ್ಯಾಕ್ಸಿ ಬಂದು ನಿಂತಿದೆಯೆಂದು ನಿಖಿತಾ ಎರಡು ಸಲ ಕೂಗಿದರೂ ಓಗೊಡಲಿಲ್ಲ. ಕೊನೆಗೆ ನಿಖಿತಾ ತಾನೇ ಕುಂಕುಮದ ಭರಣಿ ತಂದಳು. ಪಲ್ಲವಿ ಬೇಡವೆಂದು ಅವಳ ಕೈಯನ್ನು ಮೆಲ್ಲಗೆ ಸರಿಸಿದಳು.

“ಅಕ್ಕಾ, ಅತ್ತಿಯವರಿಗೆ ಮೊಬೈಲಿನಾಗ ಆ ನೊಣದ್ದೇನೂ ಹುಡುಕಿ ತೋರಸಬ್ಯಾಡ. ಮಕ್ಕಳಿಗೂ ಹೇಳು,” ಎಂದಷ್ಟೇ ಹೇಳಿ ಟ್ಯಾಕ್ಸಿ ಹತ್ತಿದಳು. ನಿಖಿತಾ ಯಾಕೆಂದು ಕೇಳಲಿಲ್ಲ. ಅವಳಿಗೆ ಗೊತ್ತಿತ್ತೋ ಏನೋ.

ಮರುವಾರ ಗೌರೀಶ ಮೆಲ್ಬರ್ನ್‌ಗೆ ಬಂದಿಳಿದ. ಗಡ್ಡ ಬೆಳೆದಿತ್ತು, ಕಪ್ಪು ಜಾಕೆಟಿನ ತೋಳಿನ ಮೇಲೆ ಹುರಿಗಡಲೆ ಬಣ್ಣದ ಕೂದಲು ಅಂಟಿಕೊಂಡಿತ್ತು. ಕರೆಯಲು ಬಂದ ಪಲ್ಲವಿಯನ್ನು ಪಕ್ಕಕ್ಕೆ ಕೂರಿಸಿ ತಾನೇ ಕಾರು ಓಡಿಸುತ್ತ, ಮನೆಯ ದಾರಿಯಲ್ಲಿ ಅವನು ಬೀಳ್ಕೊಡುಗೆಯ ಕತೆ ಹೇಳಿದ. ಕಾರಿನ ಬಾಗಿಲು ತೆಗೆದಾಗ ಪುಠಾಣಿ ಎಂದಿನಂತೆ ತಾನೇ ಮೊದಲು ಒಳಗೆ ಹಾರಿ ಕುಳಿತಿತಂತೆ. ಇಳಿಸಲು ರೆಮೆದಿಯೋಸ್ ‘ಬಾರs’ ಎಂದಳಂತೆ, ಕದಲಲಿಲ್ಲ. ಕೊನೆಗೆ ಅವನೇ ‘ಇಳಿಯs ಪುಠಾಣಿ’ ಎನ್ನಬೇಕಾಯಿತು. ಅವನ ಮಾತು ಕೇಳಿ ಇಳಿಯಿತು. ಅಷ್ಟಕ್ಕೆ ಅವನ ಕತೆ ನಿಂತಿತು.

ಪಾಯಿಂಟ್ ಕುಕ್ ಹತ್ತಿರ ಬರುವಾಗ ಅವನ ಫೋನ್ ರಿಂಗಾಯಿತು. ಕಾರಿನ ಸ್ಪೀಕರಿನಲ್ಲಿ ಶಿವಲಿಂಗವ್ವನ ದನಿ ತುಂಬಿಕೊಂಡಿತು. ಮುಟ್ಟಿದೆಯಾ, ಉಂಡೆಯಾ ಎಂದು ಕೇಳಿದಳು. ನಾಯಿ ಏನು ಮಾಡುತ್ತಿತ್ತು ಎಂದಳು. ಆಮೇಲೆ ಹೇಳಿದಳು:

“ನಿನ್ನ ಹೇಣ್ತಿ ಮಟಾಮಟಾ ಬಿಸಲಿನಾಗ ಅದನ್ನ ದಂಡಿಗೆ ಒಯ್ದಾಳ, ಗೌರ್ಯಾ. ಅಲ್ಲೇ ಕಡದಾವ. ತಾನs ಹೇಳಿದಳು. ನೀ ಮನ್ಯಾಗ ಇದ್ದೂ ನೋಡಲಿಲ್ಲೇನ?”

ಗೌರೀಶ ಕಾರನ್ನು ರಸ್ತೆಯ ಬದಿಗೆ ತೆಗೆದುಕೊಂಡ. ಹೆಂಡತಿಯ ಕಡೆ ತಿರುಗಿ ಬಾಯಿ ತೆರೆದ. ಪಲ್ಲವಿ ಕಣ್ಣಲ್ಲೇ ಬೇಡವೆಂದಳು. ಆಚೆ ಕಡೆ ಅವ್ವ ಉತ್ತರಕ್ಕೆ ಕಾದಿದ್ದಳು. ಅವಳ ಉಸಿರು ಕಾರಿನೊಳಗೆಲ್ಲ ಕೇಳಿಸುತ್ತಿತ್ತು.

“ಹೂಂ ಅವ್ವಾ,” ಎಂದ ಗೌರೀಶ. “ನಾ ನೋಡಲಿಲ್ಲ.”