ಕತ್ತಲಲ್ಲಿ ನಂಬರ್ ಓದಿದ ಈಶ್ವರಮ್ಮ

ಚಂದಾಪುರದಿಂದ ಆನೇಕಲ್ ಕಡೆಗೆ ಕತ್ತಲಾದ ಮೇಲೆ ಗಾಡಿ ಓಡಿಸಿದವರಿಗೆ ಆ ರಸ್ತೆಯ ಗುಣ ಹೇಳಿಕೊಡಬೇಕಾಗಿಲ್ಲ. ಕಂಬ ಇರುವ ಕಡೆ ದೀಪ ಇರುವುದಿಲ್ಲ, ದೀಪ ಇರುವ ಕಡೆ ರಸ್ತೆ ಇರುವುದಿಲ್ಲ. ಎದುರಿನಿಂದ ಬರುವವನು ಕಳ್ಳನ ಮುಖಕ್ಕೆ ಬ್ಯಾಟರಿ ಬಿಟ್ಟ ಹಾಗೆ ಹೈ ಬೀಮ್ ಬಿಟ್ಟುಕೊಂಡೇ ಬರುತ್ತಾನೆ. ಏನಾದರೂ ತಗುಲಿದರೆ ಓಡಿಹೋದವನು ಬಚಾವ್, ನಿಂತವನು ಸಿಕ್ಕಿಬೀಳುತ್ತಾನೆ.

ದಾಸಪ್ಪ ನಿಲ್ಲುವ ಪೈಕಿ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿದ ಹೆಣ್ಣುಮಕ್ಕಳನ್ನು ಅವರವರ ಊರಿಗೆ ಮುಟ್ಟಿಸುವ ಟೆಂಪೋ ಟ್ರಾವೆಲರ್ ಅವನದು. ದೀಪಾವಳಿ ಕಳೆದ ಮೇಲೆ ಒಂದು ರಾತ್ರಿ ಎದುರಿನಿಂದ ಬಂದ ಕಾರೊಂದು ಅವನ ಕನ್ನಡಿ ಕಿತ್ತುಕೊಂಡು, ಹಿಂದೆ ಬರುತ್ತಿದ್ದ ಬೈಕಿನವನನ್ನು ಬೀಳಿಸಿ, ದೀಪ ಆರಿಸಿಕೊಂಡು ಮಾಯವಾಯಿತು. ದಾಸಪ್ಪ ಇಳಿದು ಹೋಗಿ ಬಿದ್ದವನನ್ನು ಎತ್ತಿದ. ಎತ್ತಿದ್ದೇ ತಪ್ಪಾಯಿತು. ಸೇರಿದ ಜನಕ್ಕೆ ಕಣ್ಣೆದುರು ಕಂಡದ್ದು ಅವನ ದೊಡ್ಡ ಗಾಡಿ ಒಂದೇ. ಹೆಣ್ಣುಮಕ್ಕಳು ಕೆಳಗಿಳಿದು ಜಗಳಕ್ಕೆ ನಿಂತಿದ್ದರಿಂದ ಏಟು ತಪ್ಪಿತು, ಠಾಣೆ ತಪ್ಪಲಿಲ್ಲ. ಬೈಕಿನ ಹುಡುಗ ಸುಧಾರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಿದ ಮೇಲೆ ದಾಸಪ್ಪನನ್ನು ಬಿಟ್ಟರು. ಕಾರ್ಖಾನೆಯ ಕಡೆಯಿಂದಲೂ ಮಾತು ಬಂತು: ಇನ್ನೊಂದು ಸಲ ಹೀಗಾದರೆ ಸಾಕ್ಷಿ ಬೇಕು, ಗಾಡಿಗೆ ಕ್ಯಾಮೆರಾ ಹಾಕಿಸು.

ಅಂದು ಬೆಳಗಾಗುವವರೆಗೆ ಹೊಸಿಲಲ್ಲಿ ಕೂತಿದ್ದವಳು ಅವನ ಹೆಂಡತಿ ಈಶ್ವರಮ್ಮ. ಅವಳ ತೀರ್ಮಾನ ಕ್ಯಾಮೆರಾದ್ದಲ್ಲ. ರಾತ್ರಿ ಗಾಡಿಯೇ ಬೇಡ.

ಬೇರೆ ಕೆಲಸವೂ ಸಿದ್ಧವಾಗಿಯೇ ಇತ್ತು. ಪಕ್ಕದ ಮನೆಯಲ್ಲೇ ಇರುವ ಅವಳ ಅಣ್ಣ ಶ್ಯಾಮಣ್ಣ ರಾಗಿ ಹೊಲದಲ್ಲಿ ಸಾಲಾಗಿ ಬಾಡಿಗೆ ಮನೆ ಕಟ್ಟಿದ್ದ. ಬೆಳಿಗ್ಗೆ ಮೋಟರ್ ಹಾಕುವುದು, ಟ್ಯಾಂಕು ತುಂಬಿದಾಗ ಆರಿಸುವುದು, ನಿನ್ನ ಕೊಡ ನನ್ನ ಕೊಡ ಎಂಬ ಜಗಳ ಬಿಡಿಸುವುದು, ಇಷ್ಟಕ್ಕೆ ಒಬ್ಬ ಆಳು ಬೇಕಿತ್ತು. ನೆರಳಲ್ಲಿ ಕೂತು ಮಾಡುವ ಕೆಲಸ, ಭಾವನೇ ಬರಲಿ ಎಂದು ಶ್ಯಾಮಣ್ಣ ಬಾಯಿತುಂಬ ಕರೆದ. ದಾಸಪ್ಪನ ಮುಖ ಮಾತ್ರ ಗಾಳಿ ಇಳಿದ ಟಯರಿನಂತಾಯಿತು. ಸ್ಟೀರಿಂಗ್ ಹಿಡಿದರೆ ಅವನು ಬೇರೆ ಮನುಷ್ಯ. ಹೆಣ್ಣುಮಕ್ಕಳು “ದಾಸಣ್ಣ” ಎಂದು ಕರೆದರೆ ಒಂದು ಗೇಣು ಎತ್ತರವಾಗುತ್ತಿದ್ದ. ಅದು ಈಶ್ವರಮ್ಮನಿಗೂ ಗೊತ್ತು. ಗೊತ್ತಿದ್ದೂ ಹೆದರಿಕೆ ದೊಡ್ಡದಾಗಿತ್ತು.

“ಕ್ಯಾಮೆರಾ ಬಂದು ಗುದ್ದೋರ್ನ ತಡೀತದಾ?” ಎಂದು ಕೇಳಿದಳು.

“ತಡಿಯಾಕಿಲ್ಲ ಕಣಮ್ಮಿ. ನಾನ್ ಗುದ್ಲಿಲ್ಲ ಅಂತ ಯೋಳ್ತದೆ.”

ಆ ಮಾತು ಅವಳಿಗೆ ಸ್ವಲ್ಪ ನಾಟಿತು. ಆದರೂ ಬಿಟ್ಟುಕೊಡದೆ ಒಂದು ಷರತ್ತು ಹಾಕಿದಳು. ಕತ್ತಲಲ್ಲಿ ಹೋಗುವ ಗಾಡಿಯ ನಂಬರನ್ನು ಆ ಕ್ಯಾಮೆರಾದಲ್ಲಿ ಅವಳೇ ಕಣ್ಣಾರೆ ಓದಬೇಕು. ಓದಿದರೆ ಗಾಡಿ, ಓದದಿದ್ದರೆ ಮೋಟರು. ಅಲ್ಲಿಯವರೆಗೆ ರಾತ್ರಿ ಟ್ರಿಪ್ಪಿಗೆ ಬೇರೆಯವರ ಗಾಡಿ ಹೋಗಲಿ.

ಮಾರನೆಯ ದಿನವೇ ದಾಸಪ್ಪ ಅಂಗಡಿಯಿಂದ ಕ್ಯಾಮೆರಾ ತಂದ. ನೋಡಿ, ಬೇಡವಾದರೆ ವಾಪಸು ಕೊಡಿ ಎಂದಿದ್ದರಂತೆ. ಡಬ್ಬದ ಮೇಲೆ ಚಿತ್ರದ ಅಳತೆ ಹೇಳುವ ಅಂಗೈಯಗಲದ ಅಂಕಿಗಳು. ಅಂಗಡಿಯವನು ತೋರಿಸಿದ ವಿಡಿಯೋದಲ್ಲಿ ಮರದ ಎಲೆ ಎಲೆಯೂ ಎಣಿಸುವಂತಿತ್ತು ಎಂದು ದಾಸಪ್ಪ ವರ್ಣಿಸಿದ. ಕಾಫಿ ಕುಡಿಯಲು ಬಂದಿದ್ದ ಶ್ಯಾಮಣ್ಣ ಡಬ್ಬವನ್ನು ತಿರುಗಿಸಿ ನೋಡಿ, “ಮದ್ವೆ ವಿಡಿಯೋನೂ ತಗೀಬೌದು ಬುಡು ಭಾವ” ಎಂದ.

ಶ್ಯಾಮಣ್ಣನ ಮಗಳು ಕೃಪಾ ಮಾತ್ರ ನಗಲಿಲ್ಲ. ಅವಳು ಕೆಲಸ ಮಾಡುವುದು ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ. ಯಾವ ಸಾಮಾನು ಕೊಟ್ಟರೂ ಇದರಲ್ಲಿ ಏನು ಕೊರೆ ಎಂದು ಹುಡುಕುವುದೇ ಅವಳ ಕಸುಬು. ಅಂಗಡಿಯಲ್ಲಿ ತೋರಿಸಿದ್ದು ಹಗಲಿನ ವಿಡಿಯೋನೋ ರಾತ್ರಿಯದೋ ಎಂದು ಕೇಳಿದಳು. ದಾಸಪ್ಪ ತಲೆ ಕೆರೆದುಕೊಂಡ.

“ಅತ್ತೆ, ಅಂಗಡಿ ಲೈಟಲ್ಲಿ ನೋಡಿ ಸೀರೆ ತಗೊಂಡು, ಬಿಸಿಲಿಗೆ ಹಿಡಿದಾಗ ಬೇರೆ ಬಣ್ಣ ಅಂತ ಬೈಕೊಂಡಿಲ್ವಾ ನೀವು? ಇದೂ ಹಾಗೇನೇ. ಹಗಲಲ್ಲಿ ಎಲ್ಲಾ ಕ್ಯಾಮೆರಾನೂ ಚೆನ್ನಾಗೇ ಇರುತ್ತೆ. ಮಾವ ಓಡ್ಸೋದು ರಾತ್ರಿ.”

ಇನ್ನೂ ಒಂದು ಮಾತು ಹೇಳಿದಳು. ಒಂದನ್ನೇ ನೋಡಿದರೆ ಯಾವುದೂ ಒಳ್ಳೆಯದಾಗಿಯೇ ಕಾಣುತ್ತದೆ. ಎರಡನ್ನು ಪಕ್ಕಪಕ್ಕ ಇಟ್ಟು, ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ ನೋಡಿದರೆ ಬಂಡವಾಳ ಗೊತ್ತಾಗುತ್ತದೆ. ಜೊತೆಗೆ ಕೆಲಸ ಮಾಡುವವರ ಕಾರಿನಿಂದ ಇನ್ನೊಂದು ಕ್ಯಾಮೆರಾವನ್ನು ಅವಳೇ ಕೇಳಿ ತಂದಳು. ಅದು ಚಿಕ್ಕದು. ಅದರ ಅಂಕಿಗಳೂ ಚಿಕ್ಕವು.

ಎರಡನ್ನೂ ಕನ್ನಡಿಯ ಹಿಂದೆ ಒಂದೇ ಮಟ್ಟದಲ್ಲಿ ಅಂಟಿಸಿ, ಏಳು ಗಂಟೆಗೆ ಹೊರಟರು. ಈಶ್ವರಮ್ಮ ಮುಂದಿನ ಸೀಟಿನಲ್ಲಿ ಕೂತಳು. ಎಂದಿನಂತೆ ಊದುಬತ್ತಿ ಹಚ್ಚಿ ಡ್ಯಾಶ್‌ಬೋರ್ಡಿನ ಗಣಪನ ಮುಂದೆ ಸಿಕ್ಕಿಸಿದಳು. ಆನೇಕಲ್ ಮುಟ್ಟಿ ತಿರುಗಿ ಬಂದರು. ಕ್ಯಾಮೆರಾದ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಎರಡೂ ಥಳಥಳ ಎನ್ನುತ್ತಿದ್ದವು. ಚಿಕ್ಕ ಪರದೆ ಎಲ್ಲ ಕೊರೆಯನ್ನೂ ಮುಚ್ಚುತ್ತದೆ, ಟಿ.ವಿ.ಯಲ್ಲಿ ಹಾಕಿ ನೋಡೋಣ ಎಂದಳು ಕೃಪಾ.

ಟಿ.ವಿ.ಯಲ್ಲಿ ಹಾಕಿದರೆ ಎರಡೂ ಒಂದೇ ಗೋಳು. ಎದುರಿನ ಒಂದೊಂದು ದೀಪದ ಸುತ್ತಲೂ ಹತ್ತಿ ಹಿಂಜಿಟ್ಟ ಹಾಗೆ ಬಿಳಿ ಮಬ್ಬು. ನಂಬರ್ ಇರಲಿ, ಅದು ಲಾರಿಯೋ ಬಸ್ಸೋ ತಿಳಿಯುತ್ತಿರಲಿಲ್ಲ. ಶ್ಯಾಮಣ್ಣ ಸೊಂಟದಿಂದ ಮೋಟರ್ ರೂಮಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ದಾಸಪ್ಪ ಎದ್ದು ಹೊರಗೆ ಹೋಗಿ ಗಾಡಿಗೆ ಒರಗಿ ನಿಂತ. ಈಶ್ವರಮ್ಮ ಗೆದ್ದಿದ್ದಳು. ಆದರೂ ಮೇಜಿನ ಮೇಲಿನ ಬೀಗದ ಕೈಯನ್ನು ಅವಳು ಮುಟ್ಟಲಿಲ್ಲ.

ಮಾರನೆಯ ದಿನ ಶುಕ್ರವಾರ. ಬೆಳಿಗ್ಗೆ ಅವಳು ದೇವರ ಪಟಗಳನ್ನು ಇಳಿಸಿ ಒರೆಸುತ್ತಿದ್ದಳು. ವಾರವಾರವೂ ಒರೆಸಿದರೂ ಬಟ್ಟೆಗೆ ಕಂದು ಬಣ್ಣದ ಜಿಡ್ಡು ಹತ್ತುತ್ತಿತ್ತು. ಊದುಬತ್ತಿಯ ಹೊಗೆ. ಒರೆಸಿದ ಕಡೆ ಲಕ್ಷ್ಮಿಯ ಮುಖ ಫಳ್ಳನೆ ಹೊಳೆಯಿತು. ಕೈ ಅಲ್ಲೇ ನಿಂತಿತು. ವಾರಕ್ಕೊಮ್ಮೆ ಒರೆಸುವ ಗಾಜಿನ ಗತಿ ಇದಾದರೆ, ಒಮ್ಮೆಯೂ ಒರೆಸದ ಗಾಜಿನ ಗತಿ?

ಹಾಗೇ ಒದ್ದೆ ಕೈಯಲ್ಲಿ ಹೋಗಿ ಗಾಡಿಯ ಬಾಗಿಲು ತೆಗೆದಳು. ಮುಂದಿನ ಗಾಜಿನ ಒಳಮೈಗೆ ಬೆರಳು ಒತ್ತಿ ಎಳೆದಳು. ಅಂಗಳದಲ್ಲಿ ರಂಗೋಲಿ ಎಳೆದಷ್ಟು ಸ್ಪಷ್ಟವಾಗಿ ಗೆರೆ ಮೂಡಿತು. ದಾಸಪ್ಪ ದಿನವೂ ಗಾಡಿ ತೊಳೆಯುವವನೇ, ಆದರೆ ಹೊರಗಿನಿಂದ. ಒಳಗೆ ವರ್ಷಗಟ್ಟಲೆ ಕಿಟಕಿ ಮುಚ್ಚಿಕೊಂಡು ಹಚ್ಚಿದ ಊದುಬತ್ತಿಯೆಲ್ಲ ಗಾಜಿಗೆ ಹತ್ತಿ ಕೂತಿತ್ತು. ಸಾಲದ್ದಕ್ಕೆ ಆಯುಧಪೂಜೆಯಲ್ಲಿ ಹಚ್ಚಿದ ವಿಭೂತಿ ಕುಂಕುಮ ಹೊರಗಡೆ, ಸರಿಯಾಗಿ ಕ್ಯಾಮೆರಾದ ಮೂಗಿನ ಮುಂದೆ. ಅದನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರಲಿ ಎಂದು ಬಿಡುತ್ತಾರೆ. ಹಚ್ಚಿದ್ದೂ ಅವಳೇ, ಉಳಿಸಿ ತೊಳೆಯಿರಿ ಎಂದು ಗಂಡನಿಗೆ ಹೇಳಿದ್ದೂ ಅವಳೇ.

ಒರೆಸಲು ಕೈ ಒಂದು ಗಳಿಗೆ ಹಿಂಜರಿಯಿತು. ಆಮೇಲೆ ಅವಳೇ ಸಮಾಧಾನ ಮಾಡಿಕೊಂಡಳು. ದೇವರಿಗೆ ಬೇಕಾದದ್ದು ಭಕ್ತಿ, ಗಾಜಿನ ಮೇಲಿನ ಜಿಡ್ಡಲ್ಲ. ಸೋಪಿನ ನೀರು, ಹಳೇ ಪಂಚೆ, ಕೊನೆಗೆ ನ್ಯೂಸ್ ಪೇಪರು. ಒಳಗೂ ಹೊರಗೂ ತಿಕ್ಕಿದಳು. ಬಾನೆಟ್ಟಿನ ಮೇಲೆ ಹೊಸದಾಗಿ ಕುಂಕುಮ ಇಟ್ಟು ಕೈಮುಗಿದಳು. ಹಲ್ಲುಜ್ಜುತ್ತಾ ಬಂದ ದಾಸಪ್ಪ ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿದ.

ಸಂಜೆ ಮತ್ತೆ ಹೊರಟರು. ಊದುಬತ್ತಿ ಮನೆಯಲ್ಲೇ ಹಚ್ಚಿ ಹೊರಟರು.

ಈ ಸಲ ಟಿ.ವಿ. ಮುಂದೆ ಕೂತಾಗ ಮಬ್ಬು ಇರಲಿಲ್ಲ. ಈಗ ಎರಡರ ನಿಜವಾದ ಗುಣ ಹೊರಬಿತ್ತು. ಅಂಗಡಿಯ ಕ್ಯಾಮೆರಾದಲ್ಲಿ ಚಿತ್ರ ಬಲು ಬೆಳಕು, ನೋಡಲು ಚೆಂದ. ಆದರೆ ದೀಪ ಬಿದ್ದ ಕೂಡಲೇ ನಂಬರ್ ಪ್ಲೇಟು ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ಓಡುವ ಗಾಡಿ ಬೆರಳಿಂದ ತೀಡಿದ ಹಾಗೆ ಕಲಸಿಹೋಗುತ್ತಿತ್ತು. ಚಿಕ್ಕ ಕ್ಯಾಮೆರಾದಲ್ಲಿ ಆಕಾಶ ಕಪ್ಪು, ಚಿತ್ರ ಸ್ವಲ್ಪ ಮಂಕು. ಆದರೆ ಮುಂದೆ ಹೋಗುವ ಗಾಡಿಗಳ ನಂಬರು ನಿಂತಿತ್ತು. ಬೇಲಿ ಪಕ್ಕ ನಡೆದು ಹೋಗುವ ಮನುಷ್ಯನೂ ಕಾಣುತ್ತಿದ್ದ.

“ಚೆಂದ ಕಾಣೋದು ಬೇರೆ, ಓದೋಕೆ ಬರೋದು ಬೇರೆ ಅತ್ತೆ” ಎಂದಳು ಕೃಪಾ. ಡಬ್ಬದ ಅಂಕಿ ಚಿತ್ರ ಎಷ್ಟು ದೊಡ್ಡದು ಎಂದಷ್ಟೇ ಹೇಳುತ್ತದೆ, ಕತ್ತಲನ್ನೂ ಕಣ್ಣು ಕುಕ್ಕುವ ದೀಪವನ್ನೂ ಹೇಗೆ ತಾಳಿಕೊಳ್ಳುತ್ತದೆ ಎಂದು ಹೇಳುವುದಿಲ್ಲ ಎಂದು ವಿವರಿಸಿದಳು. ಇನ್ನೊಂದನ್ನೂ ಮುಚ್ಚಿಡಲಿಲ್ಲ. ಎದುರಿನಿಂದ ಜೋರಾಗಿ ಬರುವ ಗಾಡಿಯ ನಂಬರು ಇದರಲ್ಲೂ ಎಲ್ಲ ಸಲ ಸಿಗುವುದಿಲ್ಲ. ಆದರೆ ಯಾರು ಯಾವ ಕಡೆಯಿಂದ ಬಂದರು ಎಂಬುದು ಸಿಗುತ್ತದೆ.

ಅಷ್ಟರಲ್ಲಿ ಪರದೆಯ ಅಂಚಿನಲ್ಲಿ ಒಂದು ಸ್ಕೂಟರು ಬಂತು. ರಾಂಗ್ ಸೈಡಿನಲ್ಲಿ, ಮೆಲ್ಲಗೆ. ಕಾಲ ಬಳಿ ಹಿಟ್ಟಿನ ಮೂಟೆ, ತಲೆಗೆ ಟವಲ್ಲು, ದೀಪವೇ ಇಲ್ಲ. ಕೃಪಾ ವಿಡಿಯೋ ನಿಲ್ಲಿಸಿದಳು. ಈಶ್ವರಮ್ಮ ಮುಂದಕ್ಕೆ ಬಾಗಿ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹಾಗೆ ಒಂದೊಂದೇ ಅಕ್ಷರ ಓದತೊಡಗಿದಳು. ಕೆ.ಎ. ಐವತ್ತೊಂದು ಎಂದು ಶುರುಮಾಡಿ ಕೊನೆಯ ಅಂಕಿ ಮುಟ್ಟುವಷ್ಟರಲ್ಲಿ ದಾಸಪ್ಪ ಬಾಯಿಗೆ ಕೈ ಅಡ್ಡ ಹಿಡಿದಿದ್ದ.

“ಅಪ್ಪ,” ಕೃಪಾ ತಿರುಗಿದಳು, “ಇದು ನಿಮ್ ಗಾಡಿ.”

ಶ್ಯಾಮಣ್ಣ ಚಾಪೆಯ ಅಂಚು ಕೀಳುತ್ತಾ, “ಯೂ ಟರ್ನು ಬಲು ದೂರ ಕಣಮ್ಮ” ಎಂದ.

ಅದೇ ಗಳಿಗೆಯನ್ನು ಅಂಗಡಿಯ ಕ್ಯಾಮೆರಾದಲ್ಲೂ ಹಾಕಿ ನೋಡಿದರು. ಅಲ್ಲಿ ಇದ್ದದ್ದು ಎರಡು ಚಕ್ರದ ಮೇಲೆ ಹೋಗುವ ಒಂದು ಬಿಳಿ ಮುದ್ದೆ. ಶ್ಯಾಮಣ್ಣನ ಮುಖ ಅರಳಿತು.

“ಭಾವ, ಇದೇ ಸಕ್ಕತ್ತಾಗೈತೆ. ಇದ್ನೇ ಮಡೀಕೊ.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕಣ್ಣೊರೆಸಿಕೊಂಡ ಮೇಲೆ ಈಶ್ವರಮ್ಮ ಹೇಳಿದಳು:

“ತೆಪ್ಪು ಮಾಡ್ದೋರ್ಗೆ ಯಾವ್ದು ಇಷ್ಟಾನೋ ಅದು ನಮ್ಗೆ ಬ್ಯಾಡ. ಏನ್ರೀ, ಅಂಗ್ಡಿದು ವಾಪಸ್ ಕೊಟ್ಟು ಇಂತದ್ದೇ ಒಂದು ತನ್ನಿ. ನಿಮ್ ಹೆಣ್ಮಕ್ಳು ಕಾಯ್ತಾ ಇರ್ತಾರೆ.”

ದಾಸಪ್ಪ ಎದ್ದು ಹೋಗಿ, ಫಳಫಳ ಎನ್ನುತ್ತಿದ್ದ ಗಾಜನ್ನೇ ಮತ್ತೊಮ್ಮೆ ಒರೆಸಿದ. ಸೋಮವಾರ ಎರಡನೇ ಪಾಳಿ ಬಿಟ್ಟಾಗ ಗೇಟಿನ ಮುಂದೆ ಅವನದೇ ಗಾಡಿ ನಿಂತಿತ್ತು. “ದಾಸಣ್ಣ ಬಂದ್ರು ಕಣ್ರೇ” ಎಂಬ ಕೂಗು ಕಾಂಪೌಂಡಿನ ಆಚೆಗೂ ಕೇಳಿಸಿತು.

ರಾತ್ರಿ ಗಾಡಿ ಓಡಿಸುವ ಅಣ್ಣಂದಿರೇ, ಅವರಿಗಾಗಿ ಬಾಗಿಲು ಕಾಯುವ ಅಕ್ಕಂದಿರೇ, ಕ್ಯಾಮೆರಾ ಕೊಳ್ಳುವ ಮೊದಲು ರಾತ್ರಿಯ ವಿಡಿಯೋ ತೋರಿಸಿ ಎಂದು ಬಾಯಿಬಿಟ್ಟು ಕೇಳಿ. ಸಾಧ್ಯವಾದರೆ ಎರಡನ್ನು ಜೊತೆಗಿಟ್ಟು ನಿಮ್ಮದೇ ರಸ್ತೆಯಲ್ಲಿ ಓಡಿಸಿ, ದೊಡ್ಡ ಪರದೆಯಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ. ಡಬ್ಬದ ಅಂಕಿಗೆ ಮರುಳಾಗಬೇಡಿ, ಪ್ಲೇಟಿನ ಅಂಕಿ ಓದಲು ಬರುತ್ತದೆಯೇ ನೋಡಿ. ಕ್ಯಾಮೆರಾದಲ್ಲಿ ತಾರೀಖು, ಗಂಟೆ ಸರಿಯಾಗಿ ಇಟ್ಟಿದ್ದೀರಾ ಎಂದೂ ಗಮನಿಸಿ. ಅದಕ್ಕೂ ಮೊದಲು, ಈ ಹಾಳೆ ಓದಿ ಮುಗಿಸಿದ ಕೂಡಲೇ ಹೋಗಿ ನಿಮ್ಮ ಗಾಡಿಯ ಗಾಜಿನ ಒಳಮೈಗೆ ಒಂದು ಬೆರಳು ಎಳೆಯಿರಿ. ಗೆರೆ ಮೂಡಿದರೆ, ಕೈಯಲ್ಲಿರುವ ಈ ಹಾಳೆಯನ್ನು ಪಕ್ಕದವರಿಗೆ ಓದಲು ಕೊಟ್ಟು, ಒಂದು ಒದ್ದೆ ಬಟ್ಟೆ ತನ್ನಿ.