ಜನವರಿ ಏಳರಂದು ಹುಟ್ಟಿದವರು

ಜಗನ್ನಾಥ ಅವರು ಕಂಪ್ಯೂಟರ್ ಕೋಣೆಗೆ ಬಂದದ್ದು ಏಪ್ರಿಲ್ ತಿಂಗಳ ಒಂದು ಗುರುವಾರ, ಊಟದ ಬಿಡುವು ಮುಗಿಯುವ ಹೊತ್ತಿಗೆ. ಕೈಯಲ್ಲಿ ಒಂದು ಕಾಗದ, ಕಂಕುಳಲ್ಲಿ ಹಳೆಯ ರಟ್ಟಿನ ಪುಸ್ತಕ. ಆರ್.ಕೆ.ಪುರಂನ ಆ ಕೇಂದ್ರ ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಗೆ ಅವರೇ ಮುಖ್ಯಸ್ಥರು. ಮೈಸೂರಿನವರು, ದೆಹಲಿಗೆ ಬಂದು ಮೂವತ್ತೆರಡು ವರ್ಷವಾಗಿತ್ತು.

"ಏನಮ್ಮಾ ಸಿಂಧೂರ, ನಿನ್ನ ಕಂಪ್ಯೂಟರು ನನ್ನನ್ನ ಮೂರು ತಿಂಗಳು ಮೊದಲೇ ಹುಟ್ಟಿಸಿಬಿಟ್ಟಿದೆ" ಎಂದು ಕಾಗದವನ್ನು ಅವಳ ಮುಂದಿಟ್ಟರು.

ಅದು ಅವರದೇ ನಿವೃತ್ತಿಯ ಆದೇಶ. 2006ರ ಜುಲೈ ಹತ್ತಕ್ಕೆ ಅರವತ್ತು ತುಂಬುತ್ತದೆ, ಆ ತಿಂಗಳ ಮೂವತ್ತೊಂದಕ್ಕೆ ಸೇವೆಯಿಂದ ಬಿಡುಗಡೆ ಎಂದಿತ್ತು. ರಟ್ಟಿನ ಪುಸ್ತಕ ಅವರ ಸರ್ವಿಸ್ ಬುಕ್. ಅದರ ಮೊದಲ ಪುಟದಲ್ಲಿ ಮಸಿಯ ಪೆನ್ನಿನಲ್ಲಿ ಹುಟ್ಟಿದ ದಿನ ಬರೆದಿತ್ತು: ಅಕ್ಟೋಬರ್ ಏಳು, ಸಾವಿರದ ಒಂಬೈನೂರ ನಲವತ್ತಾರು.

ಸಿಂಧೂರ ನೆಹರೂ ಪ್ಲೇಸಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯವಳು. ಊರು ಹಾಸನ, ವಯಸ್ಸು ಇಪ್ಪತ್ತಾರು. ಈ ಕಚೇರಿಯ ನಾಲ್ಕು ಸಾವಿರದ ಎಂಟುನೂರ ಅರವತ್ತು ನೌಕರರ ವಿವರಗಳನ್ನು ಡೇಟಾಬೇಸಿಗೆ ತುಂಬುವ ಕೆಲಸವನ್ನು ಅವಳ ಕಂಪನಿ ಹಿಂದಿನ ವರ್ಷ ವಹಿಸಿಕೊಂಡಿತ್ತು. ಟೈಪಿಸ್ಟರು ಸರ್ವಿಸ್ ಬುಕ್ಕುಗಳನ್ನು ನೋಡಿ ಉದ್ದನೆಯ ಪಟ್ಟಿಗಳನ್ನು ಟೈಪು ಮಾಡಿದ್ದರು. ಆ ಪಟ್ಟಿಗಳನ್ನು ಓದಿ ಡೇಟಾಬೇಸಿನಲ್ಲಿ ಕೂರಿಸುವ ಪ್ರೋಗ್ರಾಮು ಬರೆದವಳು ಇವಳು. ಹೊಸ ವರ್ಷದಿಂದ ನಿವೃತ್ತರ ಪಟ್ಟಿಯನ್ನೂ ಕಂಪ್ಯೂಟರೇ ಕೊಡುತ್ತಿತ್ತು.

"ಟೈಪಿಂಗ್ ತಪ್ಪಿರಬೇಕು ಸರ್, ನೋಡ್ತೀನಿ" ಎಂದಳು.

ಟೈಪಿಂಗ್ ತಪ್ಪಾಗಿರಲಿಲ್ಲ. ಮೂಲ ಪಟ್ಟಿಯಲ್ಲಿ 7/10/1946 ಎಂದು ಸರಿಯಾಗಿಯೇ ಇತ್ತು. ಡೇಟಾಬೇಸಿನೊಳಗೆ ಮಾತ್ರ ಅದು ಜುಲೈ ಹತ್ತು ಆಗಿ ಕುಳಿತಿತ್ತು. ಸಿಂಧೂರ ತನ್ನ ಪ್ರೋಗ್ರಾಮನ್ನು ತೆರೆದು ಮೊದಲಿನಿಂದ ಓದಿದಳು.

ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಡೇಟಾಬೇಸು ಕೂತಿದ್ದ ಸರ್ವರ್ ಅಲ್ಲಿಯ ರೂಢಿಯಲ್ಲೇ ಇತ್ತು, ಅವಳು ಅದನ್ನು ಬದಲಾಯಿಸಿರಲಿಲ್ಲ. ತುಂಬಿದ ಮೊದಲ ದಿನ ಎರಡು ಸಾವಿರದ ಏಳುನೂರು ಚಿಲ್ಲರೆ ಸಾಲುಗಳನ್ನು ಅದು ಒಪ್ಪದೆ ಹಿಂದಕ್ಕೆ ತಳ್ಳಿತ್ತು. ಇಪ್ಪತ್ತಮೂರನೇ ತಾರೀಖನ್ನು ತಿಂಗಳೆಂದು ಓದಿದರೆ, ಇಪ್ಪತ್ತಮೂರನೇ ತಿಂಗಳು ಎಂಬುದು ಎಲ್ಲಿದೆ? ಅವಳು ಆ ಸಾಲುಗಳನ್ನಷ್ಟೇ ಬೇರೆ ಮಾಡಿ, ದಿನ ಮೊದಲು ಎಂದು ಹೇಳಿಕೊಟ್ಟು ಮತ್ತೆ ತುಂಬಿದ್ದಳು. ಎಲ್ಲವೂ ಒಳಗೆ ಹೋಯಿತು. ತಕರಾರು ಮಾಡಿದ ಸಾಲುಗಳು ಹೀಗೆ ಸರಿಹೋದವು. ತಕರಾರಿಲ್ಲದೆ ಒಳಗೆ ಹೋದವುಗಳನ್ನು ಯಾರೂ ತಿರುಗಿ ನೋಡಲಿಲ್ಲ.

ದಿನ ಹನ್ನೆರಡರೊಳಗಿದ್ದ ಪ್ರತಿಯೊಬ್ಬರ ಜನ್ಮದಿನವೂ ಅದಲು ಬದಲಾಗಿತ್ತು.

ಇದು ಊಹೆಯೋ ನಿಜವೋ ಎಂದು ನೋಡಲು, ಯಾವ ದಿನ ಎಷ್ಟು ಜನ ಹುಟ್ಟಿದ್ದಾರೆಂದು ಡೇಟಾಬೇಸನ್ನೇ ಕೇಳಿದಳು. ಉಳಿದ ದಿನಗಳಿಗೆಲ್ಲ ಹತ್ತು, ಹನ್ನೆರಡು, ಹದಿನೈದು ಜನ. ಜನವರಿ ಏಳಕ್ಕೆ ಮಾತ್ರ ಇನ್ನೂರ ಹನ್ನೊಂದು. ಜನವರಿ ಆರಕ್ಕೆ ನೂರ ಎಪ್ಪತ್ತು.

"ಇಷ್ಟು ಜನ ಒಂದೇ ದಿನ ಹುಟ್ಟೋದು ಹೇಗೆ ಸರ್?"

ಜಗನ್ನಾಥ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. ಅವರ ಮುಖದಲ್ಲಿ ನಗು ಮೂಡಿತು. "ಅದು ಜನವರಿ ಏಳಲ್ಲಮ್ಮ, ಜುಲೈ ಒಂದು. ಆಗೆಲ್ಲ ಹಳ್ಳಿಗಳಲ್ಲಿ ಹುಟ್ಟಿದ ದಿನ ಯಾರು ಬರೆದಿಡ್ತಿದ್ರು? ಶಾಲೆಗೆ ಸೇರಿಸೋವಾಗ ಹೆಡ್‌ಮಾಸ್ತರೇ ಒಂದು ತಾರೀಖು ಹಾಕೋರು. ಅರ್ಧ ಹಿಂದೂಸ್ತಾನ ಜುಲೈ ಒಂದಕ್ಕೋ ಜೂನ್ ಒಂದಕ್ಕೋ ಹುಟ್ಟಿದೆ."

ಹೇಳುತ್ತಿದ್ದಂತೆ ಅವರ ನಗು ಹಾಗೇ ಇಂಗಿಹೋಯಿತು. ಎದುರಿನ ಕುರ್ಚಿ ಎಳೆದುಕೊಂಡು ಕೂತರು.

"ಚಂದ್ರಪ್ಪ" ಎಂದರು.

"ಯಾರು ಸರ್?"

"ರೆಕಾರ್ಡ್ ರೂಮಿನ ದಫ್ತರಿ. ಫೈಲು ಹೊಲಿಯೋದು, ರಟ್ಟು ಕಟ್ಟೋದು, ಜೋಡಿಸಿಡೋದು ಅವನ ಕೆಲಸ. ಹಿರಿಯೂರಿನ ಕಡೆಯವನು. ಜನವರಿ ಕೊನೆಗೆ ಅವನನ್ನ ಮನೆಗೆ ಕಳಿಸಿದ್ವಿ. ಆದೇಶಕ್ಕೆ ಸಹಿ ಹಾಕಿದವನು ನಾನು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅವನು ಬಂದು ಹೇಳಿದ್ದ ಕಣಮ್ಮ. ಸಾಹೇಬ್ರೆ, ನಂದು ಜುಲೈ ಅಲ್ವಾ ಅಂತ. ಆಗ ರೆಕಾರ್ಡ್ ರೂಮಿಗೆ ಸುಣ್ಣ ಹೊಡೀತಿದ್ರು, ಬುಕ್ಕುಗಳೆಲ್ಲ ಮೂಟೆ ಕಟ್ಟಿ ಬಿದ್ದಿದ್ವು. ಕಂಪ್ಯೂಟರು ಸುಳ್ಳು ಹೇಳಲ್ಲ ಚಂದ್ರಪ್ಪ ಅಂದುಬಿಟ್ಟೆ. ಹೋದ. ಇವತ್ತು ನನ್ನ ಕಾಗದ ಬಂದಾಗ ಕಂಪ್ಯೂಟರನ್ನ ಒಂದು ಕ್ಷಣವೂ ನಂಬಲಿಲ್ಲ ನೋಡು. ನೆಟ್ಟಗೆ ಪುಸ್ತಕ ತೆಗೆದುಕೊಂಡು ಬಂದೆ."

 ಹೇಳಲು ಸಿಂಧೂರಳ ಬಳಿ ಇದ್ದದ್ದು ಒಂದೇ ಮಾತು; ಆ ತಪ್ಪು ಮೊದಲು ಹುಟ್ಟಿದ್ದು ತನ್ನ ಕೈಯಲ್ಲಿ ಎಂಬುದು.

ಆ ಸಂಜೆಯೇ ಅವಳು ತನ್ನ ಮೇಲಧಿಕಾರಿ ಭಾಟಿಯಾಗೆ ಫೋನು ಮಾಡಿದಳು. ಭಾಟಿಯಾ ಸಮಾಧಾನದ ಮನುಷ್ಯ, ಅಷ್ಟೇ ಚತುರ.

"ಅಚ್ಛಾ, ಜಗನ್ನಾಥ್‌ಜೀದು ಸರಿಮಾಡಿಬಿಡು. ಟೈಪಿಂಗ್ ಮಿಸ್ಟೇಕ್ ಅನ್ನು. ಉಳಿದದ್ದನ್ನ ಸದ್ದಿಲ್ಲದೆ ಮತ್ತೆ ಲೋಡ್ ಮಾಡಿದರಾಯಿತು. ಯಾರಿಗೆ ಗೊತ್ತಾಗುತ್ತೆ?"

"ಒಬ್ಬರು ಆಗಲೇ ಮನೆಗೆ ಹೋಗಿದಾರೆ ಸರ್."

"ಹೋದವರು ಹೋದರು ಬೇಟಾ. ಅವರು ದೂರು ಕೊಟ್ಟಿಲ್ಲವಲ್ಲ."

"ಕೊಟ್ಟಿದ್ದರು. ಯಾರೂ ಕೇಳಲಿಲ್ಲ."

ಭಾಟಿಯಾ ನಿಟ್ಟುಸಿರು ಬಿಟ್ಟರು. ನಾಳೆ ಮಾತಾಡೋಣ ಎಂದರು. ಸಿಂಧೂರ ನಾಳೆಗೆ ಕಾಯಲಿಲ್ಲ. ಫೋನಿಟ್ಟು, ಏನಾಯಿತು, ಹೇಗಾಯಿತು, ಎಷ್ಟು ಜನರ ದಿನಾಂಕ ತಪ್ಪಿದೆ ಎಂದು ಒಂದೂವರೆ ಪುಟ ಬರೆದಳು. ತಪ್ಪಿದ್ದು ಎರಡು ಸಾವಿರದ ಹದಿನೆಂಟು. ಕೆಳಗೆ ತನ್ನ ಹೆಸರು ಹಾಕಿ ಜಗನ್ನಾಥರ ಮೇಜಿನ ಮೇಲಿಟ್ಟಳು. ಅವರು ಅದರ ಕೆಳಗೆ ತಮ್ಮ ಕೈಬರಹದಲ್ಲಿ ಎರಡು ಸಾಲು ಸೇರಿಸಿದರು: ಜನವರಿಯಲ್ಲಿ ನಿವೃತ್ತರಾದ ದಫ್ತರಿ ಚಂದ್ರಪ್ಪ ಮೌಖಿಕವಾಗಿ ಆಕ್ಷೇಪಿಸಿದ್ದರು, ನಾನು ಪರಿಶೀಲಿಸಲಿಲ್ಲ. ಕಾಗದ ನಿರ್ದೇಶಕರ ಕೋಣೆಗೆ ಹೋಯಿತು.

ಚಂದ್ರಪ್ಪ ಸರ್ಕಾರಿ ಕ್ವಾರ್ಟರ್ಸ್ ಬಿಟ್ಟು ಪೀತಮ್‌ಪುರದಲ್ಲಿ ಮಗಳು ಪದ್ಮಾಳ ಮನೆ ಸೇರಿದ್ದರು. ಸಿಂಧೂರ ಪೇಯಿಂಗ್ ಗೆಸ್ಟ್ ಆಗಿದ್ದದ್ದೂ ಅಲ್ಲೇ, ಎರಡು ಬ್ಲಾಕ್ ಆಚೆ. ಭಾನುವಾರ ಬೆಳಿಗ್ಗೆ ಹುಡುಕಿಕೊಂಡು ಹೋದಳು. ಬಾಗಿಲು ತೆರೆದ ಪದ್ಮಾ ಕನ್ನಡ ಕೇಳಿ ಒಳಗೆ ಕರೆದು ನೀರು ಕೊಟ್ಟಳು. ಅಪ್ಪನ ಕಚೇರಿಯಿಂದ ಎಂದಾಗ ಮಾತ್ರ ಅವಳ ಮುಖ ಸ್ವಲ್ಪ ಬಿಗಿಯಾಯಿತು.

ಚಂದ್ರಪ್ಪ ಬಾಲ್ಕನಿಯಲ್ಲಿ ಮೊಮ್ಮಗಳ ಶಾಲೆಯ ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕುತ್ತಿದ್ದರು. ಸಣಕಲು ಮೈ, ಅಚ್ಚುಕಟ್ಟಾಗಿ ಬಾಚಿದ ಬಿಳಿ ಕೂದಲು. ಸಿಂಧೂರ ಅವರೆದುರು ಬೆತ್ತದ ಪೀಠದ ಮೇಲೆ ಕೂತು, ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಕಂಪ್ಯೂಟರು ದಿನವನ್ನು ತಿಂಗಳೆಂದು, ತಿಂಗಳನ್ನು ದಿನವೆಂದು ಓದಿತು. ಹಾಗೆ ಓದಲು ಬಿಟ್ಟವಳು ನಾನು. ನಿಮ್ಮ ಜನ್ಮದಿನ ಜುಲೈ ಒಂದೇ.

ಚಂದ್ರಪ್ಪ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಟ್ಟರು.

"ಜುಲೈ ಒಂದೇ ತಾನೇ?"

"ಹೌದು."

"ಇನ್ನೊಂದು ಸಲ ಹೇಳಿ ಮೇಡಂ. ನನ್ನ ಮಗಳಿಗೆ ಕೇಳೋ ಹಾಗೆ ಹೇಳಿ."

ಪದ್ಮಾ ಬಾಗಿಲಲ್ಲೇ ನಿಂತಿದ್ದಳು. ಸಿಂಧೂರ ಮತ್ತೆ ಹೇಳಿದಳು. ಚಂದ್ರಪ್ಪ ತಲೆಯಾಡಿಸಿದರು. ಬೀದಿಯ ಕಡೆ ತಿರುಗಿದರು. ಕೆಳಗೆ ತರಕಾರಿ ಭಯ್ಯಾ ಗಾಡಿ ನಿಲ್ಲಿಸಿ ಸೌತೆಕಾಯಿಗೆ ನೀರು ಚಿಮುಕಿಸುತ್ತಿದ್ದ.

"ಕೆಲಸ ಹೋದದ್ದು ದೊಡ್ಡದಲ್ಲ ಮೇಡಂ. ಇವತ್ತಲ್ಲ ನಾಳೆ ಹೋಗೋದೇ. ಆದರೆ ಸಾಹೇಬರು ಹಾಗಂದ ಮೇಲೆ ನನಗೇ ಅನುಮಾನ ಬಂತು. ನಲವತ್ತು ವರ್ಷ ಜುಲೈ ಒಂದು ಅಂತ ಬರೆದುಕೊಟ್ಟಿದೀನಿ. ಅದೇ ತಪ್ಪಿದ್ರೆ ಇನ್ನು ಏನೇನು ತಪ್ಪು ನೆನಪಿಟ್ಕೊಂಡಿದೀನೋ ಅಂತ. ಗ್ಯಾಸ್ ಆರಿಸಿದೀನಾ ಅಂತ ಮೂರು ಸಲ ಎದ್ದು ನೋಡ್ತೀನಿ. ಮೊಮ್ಮಗಳನ್ನ ಸ್ಕೂಲಿಂದ ಕರ್ಕೊಂಡು ಬರೋ ದಾರೀಲಿ ನಿಂತುಬಿಡ್ತೀನಿ, ಎಡಕ್ಕೋ ಬಲಕ್ಕೋ ಅಂತ."

"ಹೋದ ತಿಂಗಳು ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ದೆ" ಎಂದಳು ಪದ್ಮಾ. "ಮರೆವಿನ ಕಾಯಿಲೆ ಶುರುವಾಗಿರಬಹುದು, ನೋಡೋಣ ಅಂದಿದ್ರು."

ಸಿಂಧೂರಳಿಗೆ ಕಣ್ಣು ತುಂಬಿ ಬಂತು. ಕ್ಷಮಿಸಿ ಎಂದಳು. ಚಂದ್ರಪ್ಪ ಬೇಡ ಎನ್ನುವಂತೆ ಕೈಯಾಡಿಸಿದರು. ಆಮೇಲೆ, ಅವಳನ್ನು ಹಗುರ ಮಾಡಲೆಂದೋ ಏನೋ, "ನಿಜ ಹೇಳ್ಬೇಕಂದ್ರೆ ನಾನು ಹುಟ್ಟಿದ್ದು ಗೌರಿಹಬ್ಬದ ಮಾರನೇ ದಿನ. ನಮ್ಮವ್ವ ಹೇಳ್ತಿದ್ಲು. ಜುಲೈ ಒಂದು ಹೆಡ್‌ಮಾಸ್ತರ ಹುಟ್ಟಿಸಿದ ದಿನ" ಎಂದರು. ಪದ್ಮಾ ನಕ್ಕಳು. ಮೂರು ಜನಕ್ಕೂ ಚಹಾ ತಂದಳು.

ಮೇ ಎರಡನೇ ತಾರೀಖು ಚಂದ್ರಪ್ಪ ಮತ್ತೆ ಕೆಲಸಕ್ಕೆ ಬಂದರು. ಜನವರಿಯ ಆದೇಶ ರದ್ದಾಗಿತ್ತು, ಒಂದನೇ ತಾರೀಖು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿಯಾದ್ದರಿಂದ ಜೂನ್ ಮೂವತ್ತರವರೆಗೆ ಸೇವೆ ಉಳಿದಿತ್ತು. ಭಾಟಿಯಾ ಒಂದು ವಾರ ಸಿಂಧೂರಳೊಡನೆ ಮಾತು ಬಿಟ್ಟಿದ್ದರು. ಆದರೆ ನಿರ್ದೇಶಕರು, ತಪ್ಪನ್ನು ನೀವೇ ಕಂಡುಹಿಡಿದಿರಿ, ನೀವೇ ಸರಿಮಾಡಿ ಎಂದು ಪತ್ರ ಬರೆದ ಮೇಲೆ ಭಾಟಿಯಾ ತಾವೇ ಬಂದು, "ಚಲೋ, ಆಗಿದ್ದು ಆಯಿತು" ಎಂದರು.

ನಿರ್ದೇಶಕರ ಷರತ್ತು ಒಂದೇ. ಮತ್ತೆ ತುಂಬಿದ ಎರಡು ಸಾವಿರದ ಹದಿನೆಂಟು ದಿನಾಂಕಗಳನ್ನೂ ಒಂದೊಂದಾಗಿ ಸರ್ವಿಸ್ ಬುಕ್ಕಿನೊಡನೆ ಹೋಲಿಸಬೇಕು. ಸುಣ್ಣ ಹೊಡೆದ ಮೇಲೆ ಬುಕ್ಕುಗಳನ್ನು ಸಿಕ್ಕಸಿಕ್ಕಲ್ಲಿ ತುರುಕಿದ್ದರು. ಯಾವುದು ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ಚಂದ್ರಪ್ಪನವರಿಗೆ ಮಾತ್ರ ಬುಕ್ಕುಗಳ ಬೆನ್ನು ನೋಡಿದರೆ ಸಾಕಿತ್ತು. ಹೆಚ್ಚಿನವಕ್ಕೆ ದಾರ ಹಾಕಿದ ಕೈ ಅವರದೇ.

ಮೊದಲೆರಡು ದಿನ ಅವರು ತಡವರಿಸಿದರು. ಬುಕ್ಕು ತಂದುಕೊಟ್ಟು, "ಇದೇನಾ? ಇನ್ನೊಮ್ಮೆ ನೋಡಿ" ಎನ್ನುವರು. ಸಿಂಧೂರ ನೋಡುವಳು; ಅದೇ ಆಗಿರುತ್ತಿತ್ತು. ಮೂರನೇ ದಿನಕ್ಕೆ ಆ ಪ್ರಶ್ನೆ ನಿಂತಿತು. ವಾರ ಕಳೆಯುವಷ್ಟರಲ್ಲಿ ಅವರು ಕಪಾಟಿನ ಮುಂದೆ ನಿಂತು ದಿನಾಂಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ದಿನ, ಆಮೇಲೆ ತಿಂಗಳ ಹೆಸರು, ಆಮೇಲೆ ವರ್ಷ. ತಿಂಗಳಿಗೆ ಅಂಕೆ ಬೇಡ, ಹೆಸರನ್ನೇ ಹೇಳಿ ಎಂದು ಸಿಂಧೂರ ಕೇಳಿಕೊಂಡಿದ್ದಳು. ತನ್ನ ಪ್ರೋಗ್ರಾಮಿಗೂ ಈಗ ಅದನ್ನೇ ಹೇಳಿಕೊಟ್ಟಿದ್ದಳು. ದಿನಕ್ಕೆ ಐವತ್ತು ಬುಕ್ಕು ಮುಗಿಯುತ್ತಿತ್ತು. ನಡುವೆ ಟೈಪಿಸ್ಟರ ತಪ್ಪುಗಳೂ ಮೂವತ್ತೊಂದು ಸಿಕ್ಕವು.

ಜೂನ್ ಕೊನೆಯ ವಾರ ಮೂರು ಬುಕ್ಕುಗಳು ಉಳಿದವು. ರೆಕಾರ್ಡ್ ರೂಮಿನಲ್ಲಿ ಇರಲಿಲ್ಲ. ಜಗನ್ನಾಥರೂ ಬಂದು ಹುಡುಕಿದರು. ಕಳೆದುಹೋಗಿವೆ ಎಂದು ಬರೆದುಬಿಡೋಣವೇ ಎಂದರು.

ಚಂದ್ರಪ್ಪ ಮೂರೂ ಹೆಸರುಗಳನ್ನು ಮತ್ತೊಮ್ಮೆ ಓದಿಸಿದರು. ಕಣ್ಣು ಮುಚ್ಚಿದರು. "ತೊಂಬತ್ತೆಂಟರಲ್ಲಿ ಈ ಮೂವರ ಮೇಲೆ ಒಂದು ವಿಚಾರಣೆ ನಡೀತು ಸಾಹೇಬ್ರೆ. ಬುಕ್ಕು ಮೇಲಿನ ಮಹಡಿಗೆ ಹೋಯ್ತು. ವಾಪಸ್ ಬಂದದ್ದು ನಾನು ಕಂಡಿಲ್ಲ. ಅಲ್ಲಿ ಹಸಿರು ಬೀರು ಇತ್ತು, ಮೇಲಿನ ಅರೆ."

ಜಗನ್ನಾಥ ಬೇರೆ ಯಾರನ್ನೂ ಕಳಿಸಲಿಲ್ಲ. ತಾವೇ ಮೆಟ್ಟಿಲು ಹತ್ತಿ ಹೋದರು. ಇಪ್ಪತ್ತು ನಿಮಿಷದ ಮೇಲೆ ಮೂರೂ ಬುಕ್ಕುಗಳನ್ನು ಎದೆಗವಚಿಕೊಂಡು ಇಳಿದು ಬಂದರು. ಅಂಗಿಯ ತುಂಬ ಧೂಳು.

"ಇದ್ದವಪ್ಪ" ಎಂದರು. "ನೀನು ಹೇಳಿದಲ್ಲೇ."

ಚಂದ್ರಪ್ಪ ಬುಕ್ಕುಗಳನ್ನು ತೆಗೆದುಕೊಂಡು ಬಟ್ಟೆಯಿಂದ ಒರೆಸಿದರು. ಒಂದರ ಹೊಲಿಗೆ ಸಡಿಲವಾಗಿತ್ತು. ಓದುವ ಮೊದಲು ಸೂಜಿ ತೆಗೆದು ಅದಕ್ಕೆ ನಾಲ್ಕು ಹೊಲಿಗೆ ಹಾಕಿ ಬಿಗಿ ಮಾಡಿದರು. ಸಿಂಧೂರ ಕೀಲಿಮಣೆಯ ಮೇಲೆ ಕೈಯಿಟ್ಟು ಕಾಯುತ್ತ ಕೂತಳು.